ಚಿಂಚೋಳಿ ವನ್ಯಜೀವಿಧಾಮ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಹೊಂದಿಕೊಂಡ 134.88 ಚದರ ಕಿ.ಮೀ. ವಿಸ್ತೀರ್ಣದ ಅಭಯಾರಣ್ಯ. 2011ರಲ್ಲಿ ಘೋಷಿತವಾದ ಇದನ್ನು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಗುರುತಿಸುತ್ತಾರೆ. ಸುತ್ತಲಿನ ಜನರಿಗೆ ಇದು ಕುಂಚಾವರಂ ಕಾಡು.

ಈ ಕಾಡಿನ ಬೆಲೆ ತಿಳಿಯಲು ನೆರೆಯ ತಾಲ್ಲೂಕುಗಳ ನೆಲವನ್ನು ನೋಡಬೇಕು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಭಾಗದಲ್ಲಿ ಮಣ್ಣಿನಡಿ ಸುಣ್ಣಕಲ್ಲಿನ ಪದರಗಳಿವೆ. 1874ರಲ್ಲಿ ವಾಡಿ–ಸಿಕಂದರಾಬಾದ್ ರೈಲುಮಾರ್ಗ ತೆರೆಯಿತು. ಇಲ್ಲಿ ಅಗೆದ ಶಹಾಬಾದಿ ಕಲ್ಲು ರೈಲೇರಿ ದೂರದೂರದ ಮನೆಗಳ ನೆಲಹಾಸಾಯಿತು. 1968ರಲ್ಲಿ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಬಂತು. ಉಳಿದ ನೆಲವನ್ನು ತೊಗರಿ, ಜೋಳದ ಹೊಲಗಳು ಆವರಿಸಿದವು. ಆದರೆ ಚಿಂಚೋಳಿಯ ಪೂರ್ವಕ್ಕೆ ಕಪ್ಪು ಕಲ್ಲು, ಕೆಂಪು ಮುರಕಲ್ಲಿನ ಗುಡ್ಡಗಳು ಏಳುತ್ತವೆ. ಜಿಲ್ಲೆಯಲ್ಲಿ ಕಾಡೆಂದು ಕರೆಯಬಹುದಾದ ದೊಡ್ಡ ಹರಹು ಉಳಿದಿರುವುದು ಇಲ್ಲಿಯೇ.

ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶ 1948ರಲ್ಲಿ ಭಾರತಕ್ಕೆ ಸೇರಿತು. 1956ರ ಪುನರ್ವಿಂಗಡಣೆಯಲ್ಲಿ ಚಿಂಚೋಳಿ, ಸೇಡಂ ಮೈಸೂರು ರಾಜ್ಯಕ್ಕೆ ಬಂದರೆ, ಅದೇ ಜಿಲ್ಲೆಯ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು; ಈಗ ಅವು ತೆಲಂಗಾಣದಲ್ಲಿವೆ. ಆಗ ಎಳೆದ ಗಡಿ ಈಗಲೂ ಈ ಗುಡ್ಡಗಾಡಿನ ಅಂಚಿನಲ್ಲೇ ಇದೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಇಲ್ಲಿ ದಿನಬಳಕೆಯ ಮಾತುಗಳು.

ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ಸರನಾಲಾ ಹಳ್ಳಕ್ಕೆ ಅಡ್ಡಲಾಗಿ, ಹೊಲಗಳ ನೀರಾವರಿಗೆಂದು ಕಟ್ಟಿದ್ದು. ಬೇಸಿಗೆಯಲ್ಲಿ ಪ್ರಾಣಿಗಳೂ ಇದನ್ನೇ ನಂಬಿವೆ. ಸುಡುಬಿಸಿಲಿನ ಈ ಜಿಲ್ಲೆಯಲ್ಲಿ ನೀರು ನಿಲ್ಲುವ ಕಡೆಯೇ ಕಾಡು ನಿಂತಿದೆ. ಎತ್ತಿಪೋತ ಜಲಪಾತ ಮಳೆಗಾಲದಲ್ಲಿ ಮೈದುಂಬುತ್ತದೆ. ಇಲ್ಲಿಯ ಗೊಟ್ಟಂಗೊಟ್ಟ ಎಂಬ ಸ್ಥಳಕ್ಕೆ ಜನ ದೇವರ ದರ್ಶನಕ್ಕೂ ಹೋಗುತ್ತಾರೆ.

ಎಲೆ ಉದುರಿಸುವ ಮರಗಳು, ಜಾಲಿ, ನೆಟ್ಟು ಬೆಳೆಸಿದ ಸಾಗವಾನಿ, ಶ್ರೀಗಂಧ, ರಕ್ತಚಂದನ ಇಲ್ಲಿವೆ. ಕೃಷ್ಣಮೃಗ, ತೋಳ, ಕತ್ತೆಕಿರುಬ, ನರಿ, ಹಣ್ಣು ತಿನ್ನುವ ಬಾವಲಿಗಳ ಜೊತೆಗೆ ಮೂವತ್ತೈದಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ದಾಖಲಿಸಲಾಗಿದೆ. ಹುಲಿ, ಆನೆಗಳಿಲ್ಲ ಎಂಬ ಕಾರಣಕ್ಕೆ ಈ ಕಾಡನ್ನು ಕಡೆಗಣಿಸುವುದು ಅನ್ಯಾಯ. ತೋಳವೂ ಕೃಷ್ಣಮೃಗವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಬಯಲು, ಕುರುಚಲುಗಳನ್ನು ಪಾಳುಭೂಮಿಯೆಂದು ಬಗೆದು ಉತ್ತ ಕಡೆಯಲ್ಲೆಲ್ಲ ಈ ಎರಡೂ ನೆಲೆ ಕಳೆದುಕೊಂಡಿವೆ.

ಚಾರಣ ಇಲ್ಲಿ ತೀರ ಈಚಿನದು. ಚಾರಣವೇ ಸ್ಥಳೀಯರ ಬದುಕಿಗೆ ಆಧಾರವಾದ ಕಡೆಗಳೂ ಇವೆ. ಆಫ್ರಿಕದ ಕಿಲಿಮಂಜಾರೊ 1973ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 5,895 ಮೀಟರ್ ಎತ್ತರದ ಆ ಪರ್ವತವನ್ನು ಮಾರ್ಗದರ್ಶಿಯಿಲ್ಲದೆ ಹತ್ತುವಂತಿಲ್ಲ. ಅಲ್ಲಿನ ಎಷ್ಟೋ ಕುಟುಂಬಗಳು ಚಾರಣಿಗರ ಹೊರೆ ಹೊತ್ತು, ದಾರಿ ತೋರಿಸಿ ಬದುಕುತ್ತವೆ. ಅದಕ್ಕೆ ಹೋಲಿಸಿದರೆ ಚಿಂಚೋಳಿಯ ಗುಡ್ಡಗಳು ತಗ್ಗಿನವು; ಏರುವ ಸಾಹಸಕ್ಕಿಂತ ನಿಧಾನವಾಗಿ ನಡೆದು ನೋಡುವುದಕ್ಕೆ ಒಗ್ಗುತ್ತವೆ. ಮಳೆ ಹಿಂದೆ ಸರಿದ ತಿಂಗಳುಗಳು ಅದಕ್ಕೆ ತಕ್ಕ ಕಾಲ. ಬೇಸಿಗೆಯಲ್ಲಿ ಒಣ ತರಗೆಲೆಗೆ ಬೀಳುವ ಒಂದು ಬೀಡಿಯ ಕಿಡಿಯೂ ಗುಡ್ಡವನ್ನೇ ಸುಟ್ಟೀತು.

ಅಭಯಾರಣ್ಯದ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ಮೇವು, ಸೌದೆ, ದಾರಿ, ವಿದ್ಯುತ್ ಎಲ್ಲಕ್ಕೂ ಅರಣ್ಯ ಕಾನೂನು ಅಡ್ಡಬರುವ ಬದುಕು ಅವರದು. ತಾಂಡಾಗಳ ಸ್ಥಳಾಂತರದ ಮಾತೂ ನಡೆದಿದೆ. ಆದರೆ ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆಂದು ದನ ಮೇಯಿಸುತ್ತ ಬೆಳೆದವರಿಗೆ ಗೊತ್ತು. ಕಾವಲು, ಬೆಂಕಿ ತಡೆ, ಚಾರಣಿಗರಿಗೆ ದಾರಿ ತೋರಿಸುವ ಕೆಲಸಗಳಲ್ಲಿ ಮೊದಲ ಹಕ್ಕು ಅವರಿಗೇ ಸಲ್ಲಬೇಕು.