ಹೊಯ್ಸಳನಾಡಿನ ಮೂರು ಪೇಟೆಗಳು

ಹಳೇಬೀಡಿಗೆ ಹೋಗುವ ಯಾತ್ರಿಕರು ಹೊಯ್ಸಳೇಶ್ವರನ ಆಲಯವನ್ನು ನೋಡಿ ಬೆರಗಾಗುವರು. ಕೆರೆಯ ಏರಿಯ ಮೇಲೆ ಕ್ಷಣಕಾಲ ನಿಂತು ಹಿಂದಿರುಗುವರು. ಆ ಆಲಯದ ಸುತ್ತಲೂ ಹಿಂದೊಮ್ಮೆ ಒಂದು ಮಹಾನಗರವಿದ್ದಿತೆಂಬುದನ್ನು ಕೆಲವರು ಬಲ್ಲರು. ಆದರೆ ಆ ನಗರದ ಅಂಗಡಿಬೀದಿ ಎಲ್ಲಿತ್ತು, ಅಲ್ಲಿ ಏನು ಮಾರುತ್ತಿದ್ದರು, ಕೊಳ್ಳುವವರು ಯಾವ ದೇಶದಿಂದ ಬರುತ್ತಿದ್ದರು ಎಂದು ಕೇಳುವವರು ಬಹು ವಿರಳ. ಅರಸರ ವಂಶಾವಳಿಯನ್ನೂ ಯುದ್ಧಗಳನ್ನೂ ಕಂಠಪಾಠಮಾಡಿದ ನಾವು ತಕ್ಕಡಿ ಹಿಡಿದವನನ್ನು ಮರೆತುಬಿಟ್ಟಿದ್ದೇವೆ. ಇದು ಅನ್ಯಾಯವೆಂಬುದನ್ನು ಶಾಸನಗಳೇ ಸಾರುತ್ತವೆ.

ಸಂಸ್ಕೃತದಲ್ಲಿ ಆಪಣ, ವಿಪಣಿ, ಪಣ್ಯ ಎಂಬ ಶಬ್ದಗಳಿಗೆಲ್ಲ ಮೂಲವಾದ ‘ಪಣ’ ಧಾತುವಿಗೆ ಧಾತುಪಾಠವು ಎರಡು ಅರ್ಥಗಳನ್ನು ಹೇಳುವುದು: ಒಂದು ವ್ಯವಹಾರ, ಇನ್ನೊಂದು ಸ್ತುತಿ. ಕೊಡುಕೊಳ್ಳುವುದಕ್ಕೂ ಕೊಂಡಾಡುವುದಕ್ಕೂ ಒಂದೇ ಧಾತುವೆ ಎಂದು ಪಾಠಶಾಲೆಯ ಬಾಲಕರು ನಗುವುದುಂಟು. ಹೊಯ್ಸಳನಾಡಿನ ಇತಿಹಾಸವನ್ನು ಪರಿಶೀಲಿಸಿದರೆ ಇದರಲ್ಲಿ ನಗತಕ್ಕದ್ದೇನೂ ಇಲ್ಲವೆಂದು ತೋರುವುದು. ಆ ನಾಡಿನಲ್ಲಿ ದೇವರ ಸ್ತುತಿಯು ನಡೆದುದು ಅಂಗಡಿಯ ವ್ಯವಹಾರದಿಂದಲೇ.

ಅದು ಹೇಗೆಂದರೆ, ಆಗಿನ ಪಟ್ಟಣಗಳಲ್ಲಿ ವರ್ತಕರ ಸಮೂಹಕ್ಕೆ ನಕರವೆಂದೂ, ಅವರ ಮುಖ್ಯಸ್ಥನಿಗೆ ಪಟ್ಟಣಸ್ವಾಮಿಯೆಂದೂ ಹೆಸರು. ಐಹೊಳೆಯನ್ನು ಮೂಲಸ್ಥಾನವಾಗಿ ಹೇಳಿಕೊಳ್ಳುವ ‘ಅಯ್ಯಾವೊಳೆ ಐನೂರ್ವರು’ ಎಂಬ ಮಹಾಸಂಘವೂ, ದೇಶದೇಶಗಳಲ್ಲಿ ಸಂಚರಿಸುವ ನಾನಾದೇಶಿಗಳೂ ಈ ಪಟ್ಟಣಗಳಿಗೆ ಬಂದು ಹೋಗುತ್ತಿದ್ದರು. ಎತ್ತಿನ ಹೇರು, ಕತ್ತೆಯ ಹೇರು, ತಲೆಹೊರೆ ಎಂದು ಸರಕುಗಳನ್ನು ವಿಂಗಡಿಸಿ ಸುಂಕವನ್ನು ಗೊತ್ತುಮಾಡುತ್ತಿದ್ದರು. ವೀಳ್ಯದೆಲೆ, ಅಡಕೆ, ಮೆಣಸು, ಉಪ್ಪು, ತುಪ್ಪ, ಬಟ್ಟೆ ಇವೆಲ್ಲಕ್ಕೂ ಬೇರೆಬೇರೆ ಸುಂಕ. ಈ ಸುಂಕದಲ್ಲಿ ಒಂದು ಪಾಲನ್ನು ದೇವಾಲಯಕ್ಕೋ ಬಸದಿಗೋ ಬಿಟ್ಟುಕೊಟ್ಟ ಶಾಸನಗಳು ಅನೇಕವಾಗಿವೆ. ಎಣ್ಣೆಯ ಗಾಣಕ್ಕೆ ಇಂತಿಷ್ಟು ಸೊಲ್ಲಗೆಯೆಂದು ನಂದಾದೀವಿಗೆಗೆ ಎಣ್ಣೆ ಸಲ್ಲಬೇಕು. ಎಲೆಯ ಹೇರಿಗೆ ಇಂತಿಷ್ಟು ಎಲೆಯೆಂದು ದೇವರ ತಾಂಬೂಲಕ್ಕೆ ಸಲ್ಲಬೇಕು. ದೂರದ ಊರಿನಿಂದ ಬಂದ ಅಪರಿಚಿತ ವರ್ತಕನು ಸಂತೆಯಲ್ಲಿ ಹೇರನ್ನು ಇಳಿಸಿದ ಕ್ಷಣದಲ್ಲಿಯೇ, ತಾನರಿಯದಂತೆ, ಗರ್ಭಗೃಹದ ದೀಪಕ್ಕೆ ಎಣ್ಣೆಯನ್ನು ಎರೆಯುತ್ತಿದ್ದನು.

ದೋರಸಮುದ್ರದ ಪೇಟೆಯು ಇಂತಹ ಪೇಟೆಗಳಲ್ಲೆಲ್ಲ ದೊಡ್ಡದು; ಅದು ಅರಮನೆಯ ಪೇಟೆ. ಆನೆ, ಕುದುರೆ, ಮುತ್ತುಗಳನ್ನು ಹಡಗುಗಳಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳ ಪ್ರಶಂಸೆಯು ಈ ಸೀಮೆಯ ಶಾಸನಗಳಲ್ಲಿ ಕಾಣುತ್ತದೆ. ಅರಬ್ಬರ ನಾಡಿನ ಕುದುರೆಗಳು ಪಶ್ಚಿಮ ಕರಾವಳಿಯ ರೇವುಗಳಲ್ಲಿ ಇಳಿದು, ಘಟ್ಟವನ್ನು ಏರಿ ಒಳನಾಡಿಗೆ ಬರುತ್ತಿದ್ದುವು. ಹೊಯ್ಸಳೇಶ್ವರನ ಗೋಡೆಯಲ್ಲಿ ಆನೆಗಳ ಸಾಲು, ಸಿಂಹಗಳ ಸಾಲು, ಅವುಗಳ ಮೇಲೆ ರಾವುತರನ್ನು ಹೊತ್ತ ಕುದುರೆಗಳ ಸಾಲು ಓಡುತ್ತಿರುವುದನ್ನು ನೋಡಿ ಶಿಲ್ಪಿಯ ಕೈಯನ್ನು ಹೊಗಳುತ್ತೇವೆ. ಆ ಕುದುರೆಗಳು ರಾಜಧಾನಿಯ ಬೀದಿಗೆ ಬಂದುದು ವರ್ತಕನ ಸಾಹಸದಿಂದ ಎಂಬುದನ್ನೂ ನೆನೆಯಬೇಕು. 1121ರ ಸುಮಾರಿಗೆ ಆರಂಭವಾದ ಈ ದೇವಾಲಯದ ನಿರ್ಮಾಣದಲ್ಲಿ ದಂಡನಾಯಕ ಕೇತಮಲ್ಲನ ಹೆಸರಿನೊಡನೆ ಪಟ್ಟಣದ ಧನಿಕರ ನೆರವನ್ನೂ ಇತಿಹಾಸಜ್ಞರು ಹೇಳುತ್ತಾರೆ.

ಅರಮನೆಯನ್ನು ನಂಬಿದ ಪೇಟೆಯು ಅರಮನೆಯೊಡನೆಯೇ ಬೀಳುವುದು. 1311ರಲ್ಲಿ ಮಲ್ಲಿಕ್ ಕಾಫೂರನು ದೋರಸಮುದ್ರದ ಮೇಲೆ ಬಂದನು. ಮೂರನೆಯ ಬಲ್ಲಾಳನು ಆನೆ ಕುದುರೆಗಳನ್ನೂ ಹೊನ್ನನ್ನೂ ಒಪ್ಪಿಸಿ ಸಂಧಿಮಾಡಿಕೊಂಡನು. ತಲೆಮಾರುಗಳ ಕಾಲ ಹೇರುಹೇರಾಗಿ ಬಂದು ಸೇರಿದ ಐಶ್ವರ್ಯವು ಒಂದೇ ಸಲಕ್ಕೆ ಹೊರಟುಹೋಯಿತು. 1327ರ ಸುಮಾರಿಗೆ ದಿಲ್ಲಿಯ ಸೇನೆಯು ಮತ್ತೊಮ್ಮೆ ಬಂದಿತು. ಅರಸನು ತಿರುವಣ್ಣಾಮಲೆಯ ಕಡೆಗೆ ಬೀಡನ್ನು ಬದಲಾಯಿಸಿದನು. 1343ರ ಹೊತ್ತಿಗೆ ಮಧುರೆಯ ಸುಲ್ತಾನನ ಕೈಯಲ್ಲಿ ಹತನಾದನು. ಕುದುರೆಯನ್ನು ಕೊಳ್ಳುವ ಅರಸನಿಲ್ಲದ ಮೇಲೆ ಕುದುರೆಯ ವ್ಯಾಪಾರಿಗೆ ಅಲ್ಲಿ ಏನು ಕೆಲಸ? ದೋರಸಮುದ್ರವೆಂಬ ಹೆಸರೂ ಮರೆಯಾಗಿ ಊರು ‘ಹಳೆಯ ಬೀಡು’ ಆಯಿತು. ಹಂಪೆಯಲ್ಲಿ ವಿರೂಪಾಕ್ಷನ ಮುಂದೆಯೂ ಕೃಷ್ಣದೇವಾಲಯದ ಮುಂದೆಯೂ ಕಲ್ಲಿನ ಅಂಗಡಿಸಾಲುಗಳು ಇಂದಿಗೂ ನಿಂತಿವೆ. ಹಳೇಬೀಡಿನಲ್ಲಿ ನೋಡುವವರಿಗೆ ಅಂತಹ ಸಾಲು ಒಂದೂ ಕಾಣದು. ಕಲ್ಲಿನ ಗುಡಿ ಉಳಿಯಿತು, ಅದಕ್ಕೆ ಎಣ್ಣೆ ಎರೆದ ಬೀದಿ ಮಣ್ಣಾಯಿತು.

ಅಲ್ಲಿಂದ ನಾಲ್ಕು ಹರದಾರಿಯಷ್ಟೂ ದೂರವಿಲ್ಲದ ಬೇಲೂರಿನ ಗತಿ ಬೇರೆಯಾಯಿತು. ಅದು ದೇವರ ಪೇಟೆ. 1117ರಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠಿಸಿದನು. ಹೊಯ್ಸಳವಂಶವು ಅಳಿದರೂ ಚೆನ್ನಕೇಶವನ ಪೂಜೆಯು ಅಳಿಯಲಿಲ್ಲ. ಶತ್ರುಗಳು ಸುಟ್ಟ ಮಹಾದ್ವಾರದ ಗೋಪುರವನ್ನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕನಾದ ಗುಂಡನು 1397ರಲ್ಲಿ ಮತ್ತೆ ಕಟ್ಟಿಸಿದನು. ಪೂಜೆಯು ಇರುವಲ್ಲಿ ಹೂವು ಬೇಕು, ಕಾಯಿ ಬೇಕು, ಕರ್ಪೂರ ಬೇಕು. ಚೈತ್ರದ ರಥೋತ್ಸವಕ್ಕೆ ಸುತ್ತಣ ಹಳ್ಳಿಗಳ ಜನ ನೆರೆಯುವಾಗ ಬಳೆ, ಬತ್ತಾಸು, ಮಕ್ಕಳ ಆಟಿಕೆ ಬೇಕು. ಹೀಗಾಗಿ ಬೇಲೂರಿನ ತೇರುಬೀದಿಯ ವ್ಯಾಪಾರವು ದೊಡ್ಡದಾಗದಿದ್ದರೂ ನಿಲ್ಲಲಿಲ್ಲ.

ಅಲ್ಲಿ ದೇವರೂ ಒಬ್ಬ ಗಿರಾಕಿಯೇ. ಕೇಶವನು ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ನೋಡಲು ಆಗಾಗ ಹೋಗುವನೆಂದೂ, ಅವನ ಪಾದರಕ್ಷೆಗಳು ಸವೆದಾಗ ಬಸವಾಪಟ್ಟಣ, ಚನ್ನಗಿರಿಗಳ ಚಮ್ಮಾರರಿಗೆ ಸ್ವಪ್ನವಾಗಿ ಅವರು ಹೊಸ ಜೋಡನ್ನು ಮಾಡಿ ತರುವರೆಂದೂ ಐತಿಹ್ಯವಿದೆ. ಅದನ್ನು ಒಪ್ಪಿಸುವುದಕ್ಕಾಗಿ ಅವರಿಗೆ ದೇವಾಲಯದ ಪ್ರಾಕಾರದೊಳಗೆ ಪ್ರವೇಶವಿದ್ದಿತು. ಹುಟ್ಟಿನ ಕಾರಣದಿಂದ ಮನುಷ್ಯರನ್ನು ಬಾಗಿಲಾಚೆ ನಿಲ್ಲಿಸಿದ ಕಾಲದಲ್ಲಿ ಕೈಕಸುಬು ಅವರಿಗೆ ಆ ಬಾಗಿಲನ್ನು ತೆರೆಯಿತು. ಕಸುಬಿನ ಹೊರತು ತೆರೆಯದಿದ್ದುದು ನಮ್ಮ ಸಮಾಜದ ಲಜ್ಜೆ.

ಮೂರನೆಯದು ಅರಸೀಕೆರೆ, ಇದು ದಾರಿಯ ಪೇಟೆ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು. ಇಮ್ಮಡಿ ಬಲ್ಲಾಳನ ಆಳ್ವಿಕೆಯ ಕೊನೆಗಾಲದಲ್ಲಿ, 1220ರ ಸುಮಾರಿಗೆ, ಇಲ್ಲಿ ನಕ್ಷತ್ರಾಕಾರದ ಮಂಟಪವುಳ್ಳ ಈಶ್ವರಾಲಯವೂ, ಮಂತ್ರಿ ರೇಚರಸನ ಸಹಸ್ರಕೂಟ ಜಿನಾಲಯವೂ ಎದ್ದುವು. ಶೈವರಿಗೂ ಜೈನರಿಗೂ ಒಂದೇ ಕಾಲದಲ್ಲಿ ಇಂತಹ ಗುಡಿಗಳನ್ನು ಪೋಷಿಸುವ ಶಕ್ತಿ ಇದ್ದ ಊರು ಬಡ ಊರಾಗಿರಲಾರದು. ಹೊಯ್ಸಳರ ತರುವಾಯ ಇದರ ಕಳೆ ಕುಂದಿತು. ಆದರೆ ದಾರಿಯು ಮತ್ತೆ ಬಂದಿತು, ಈ ಸಲ ಕಬ್ಬಿಣದ ದಾರಿಯಾಗಿ. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗಿನ ರೈಲುಮಾರ್ಗವು ಸಿದ್ಧವಾಯಿತು. ಮುಂದಿನ ಶತಮಾನದ ಎರಡನೆಯ ದಶಕದಲ್ಲಿ ಹಾಸನದ ಮೇಲಿಂದ ಮೈಸೂರಿಗೆ ಕವಲು ಕೂಡಿ ಅರಸೀಕೆರೆಯು ಜಂಕ್ಷನ್ ಆಯಿತು. ಸುತ್ತಣ ತೋಟಗಳ ತೆಂಗಿನಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸಿ, ಒಡೆಯದೆ ಗುಂಡಾಗಿ ತೆಗೆದ ಉಂಡೆಕೊಬ್ಬರಿಯು ಇಲ್ಲಿಂದಲೂ ನೆರೆಯ ತಿಪಟೂರಿನಿಂದಲೂ ಉತ್ತರದೇಶಕ್ಕೆ ಹೋಗುತ್ತದೆ. ಹಿಂದೆ ಉತ್ತರದ ಸೇನೆಯು ಈ ನಾಡಿನ ಹೊನ್ನನ್ನು ಒಯ್ದಿತು. ಈಗ ಉತ್ತರದ ವರ್ತಕನು ಹಣವನ್ನು ಕೊಟ್ಟು ಕೊಬ್ಬರಿಯನ್ನು ಒಯ್ಯುತ್ತಾನೆ. ಪೇಟೆಗೂ ಕೊಳ್ಳೆಗೂ ಇರುವ ವ್ಯತ್ಯಾಸವು ಇಷ್ಟೇ. ಆದರೆ ನಾಗರಿಕತೆಯೆಲ್ಲ ಇದರಲ್ಲಿಯೇ ಅಡಗಿದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಆಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ನಾನಾದೇಶಿಗಳು ಮತ್ತೆ ಬರುತ್ತಿದ್ದಾರೆ. ಗುಡಿಯ ಹೊರಗೆ ಬಳಪದ ಕಲ್ಲಿನ ಪುಟ್ಟ ವಿಗ್ರಹಗಳನ್ನಿಟ್ಟು ಮಾರುವವರು ಕಾದಿದ್ದಾರೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಇದೇ ಜಾತಿಯ ಕಲ್ಲಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನ ಮದನಿಕೆಯರನ್ನು ಕಡೆದು ಹೆಸರನ್ನು ಬರೆದರು. ಇಂದಿನ ಪುಟ್ಟ ವಿಗ್ರಹದಲ್ಲಿ ಕಡೆದವನ ಹೆಸರು ಇರುವುದು ಅಪೂರ್ವ. ಯಾತ್ರಿಕನು ಗಳಿಗೆಯೊಳಗೆ ಚೌಕಾಸಿಮಾಡಿ ಕೊಂಡು ವಾಹನವನ್ನು ಹತ್ತುವನು. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ ಕೆಲಸವೂ ಅವಸರದ್ದಾಗುವುದು. ಅವನು ಒಂದು ರಾತ್ರಿ ತಂಗುವಂತಾದರೆ, ಕಡೆಯುವ ಕೈಯನ್ನು ಕಣ್ಣಾರೆ ನೋಡುವಂತಾದರೆ, ವಿಗ್ರಹದ ಪೀಠದಲ್ಲಿ ಶಿಲ್ಪಿಯ ಹೆಸರಿದ್ದರೆ, ಕೊಳ್ಳುವವನೂ ಮಾರುವವನೂ ಪರಸ್ಪರ ಗೌರವವನ್ನು ಕಲಿಯುವರು.

ಅರಮನೆಯ ಪೇಟೆ ಅಳಿಯಿತು. ದೇವರ ಪೇಟೆ ಉಳಿಯಿತು. ದಾರಿಯ ಪೇಟೆ ಮರಳಿ ಚಿಗುರಿತು. ಹಳೇಬೀಡಿಗೆ ಈಗ ದಾರಿಯೂ ಇದೆ, ಬರುವ ಜನರೂ ಇದ್ದಾರೆ. ಆ ಗುಡಿಯ ಸುತ್ತ ಬಾಳುವವರ ಮನೆಯಲ್ಲಿಯೂ ದೀಪ ಉರಿಯುವಂತಾದರೆ, ಹಿಂದೆ ಪೇಟೆಯು ಗುಡಿಗೆ ಎರೆದ ಎಣ್ಣೆಯ ಋಣವನ್ನು ಗುಡಿಯು ತೀರಿಸಿದಂತಾಗುವುದು.