ಬೇಡಿ ಪಡೆದ ನಾಯಿ, ಬಡಿಸಿಕೊಂಡ ನಾಯಿ

ಕುಕ್ಕೆ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಬರುವ ಯಾತ್ರಿಕರು ಇಳಿಯುವುದು ಕಡಬ ತಾಲೂಕಿನ ನೆಟ್ಟಣದಲ್ಲಿ. ನಿಲ್ದಾಣದ ಫಲಕದ ಮೇಲೆ ‘ಸುಬ್ರಹ್ಮಣ್ಯ ರೋಡ್’ ಎಂದಿರುವುದರಿಂದ ಊರಿನ ಹೆಸರು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಯಾತ್ರಿಕರ ಬುತ್ತಿ ಬಿಚ್ಚುವ ಇಂತಹ ನಿಲ್ದಾಣಗಳಲ್ಲಿ ನಾಯಿಗಳು ನೆಲೆಸುವುದು ಸಹಜ. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ರೈಲು ನಿಲ್ದಾಣ, ಬಸ್ ನಿಲ್ದಾಣ, ಆಸ್ಪತ್ರೆ, ಶಾಲೆ ಮೊದಲಾದೆಡೆಗಳ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ಬಳಿಕ ಆಶ್ರಯಧಾಮಗಳಿಗೆ ಸೇರಿಸಬೇಕೆಂದೂ ಹಿಡಿದ ಜಾಗಕ್ಕೆ ಮರಳಿ ಬಿಡಬಾರದೆಂದೂ ಆದೇಶಿಸಿತು. ನಾಯಿಯನ್ನು ಹಿಡಿದಲ್ಲಿಗೇ ಬಿಡಬೇಕೆಂಬುದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪದ್ಧತಿ. ಈ ಸ್ಥಳಗಳ ಮಟ್ಟಿಗೆ ಅದು ಬದಲಾಯಿತು. ಆಶ್ರಯಧಾಮವೆಂಬುದು ತುಂಬುವ ಪಾತ್ರೆ. ಒಳಗಿನ ನಾಯಿಯನ್ನು ಯಾರಾದರೂ ಮನೆಗೆ ಕರೆದೊಯ್ಯದೆ ಹೊರಗಿನ ನಾಯಿಗೆ ಅಲ್ಲಿ ಎಡೆಯಿಲ್ಲ. ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್‌ನಂತಹ ಸಂಸ್ಥೆಗಳು ನಾಯಿಗಳನ್ನು ದತ್ತು ಪಡೆಯಿರೆಂದು ಜನರನ್ನು ಕೇಳಿಕೊಳ್ಳುವುದರ ಹಿಂದೆ ಈ ಸರಳ ಲೆಕ್ಕವಿದೆ.

ಇನ್ನೊಬ್ಬರ ಕೈಯಲ್ಲಿದ್ದ ನಾಯಿಯನ್ನು ಬೇಡಿ ಪಡೆದವನ ದಾಖಲೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನವನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ತಕ್ಕೋಲ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಬೂತುಗನ ಮುಂದೆ ನಿಂತು ಹೋರಾಡಿದವನು ಮಣಲೆರ. ಮೆಚ್ಚಿದ ಅರಸನು ಬೇಕಾದುದನ್ನು ಬೇಡೆಂದಾಗ ಮಣಲೆರನು ಬೇಡಿದ್ದು ಕಾಳಿಯೆಂಬ ಅರಸನ ನಾಯಿಯನ್ನು. ಅವನಿಗೆ ಆತಕೂರು-12 ಮೊದಲಾದ ಭೂಮಿ ದೊರೆತುದನ್ನೂ ಶಾಸನ ಹೇಳುತ್ತದೆ. ಬಾಯಿಬಿಟ್ಟು ಕೇಳಿದ್ದು ಮಾತ್ರ ನಾಯಿಯೊಂದನ್ನೇ.

ಬಳಿಕ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟನು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಶಿಲ್ಪವಿದೆ. ಕಾಳಿಯ ತಳಿ ಯಾವುದು, ಎಲ್ಲಿಯದು ಎಂಬ ಬಗ್ಗೆ ಶಾಸನದಲ್ಲಿ ಒಂದು ಮಾತೂ ಇಲ್ಲ. ಮಣಲೆರನ ವಂಶ, ಬಿರುದುಗಳನ್ನು ಮರೆಯದೆ ಬರೆಸಿದ ಕವಿಗೆ ನಾಯಿಯ ಮಟ್ಟಿಗೆ ಹೆಸರೊಂದೇ ಸಾಕೆನಿಸಿತು. ಮುಧೋಳ ನಾಯಿಯ ತಳಿಶುದ್ಧಿಯನ್ನೇ ಹೆಮ್ಮೆಯಾಗಿ ಆಡುವ ಇಂದಿನವರಿಗೆ ಇದು ಗಮನಿಸತಕ್ಕ ಸಂಗತಿ.

ಆದರೂ ಆತಕೂರಿನ ಕಲ್ಲನ್ನು ಪ್ರಾಣಿದಯೆಯ ದಾಖಲೆಯೆಂದು ಓದುವ ಈಚಿನ ವಾಡಿಕೆಯನ್ನು ಒಪ್ಪುವುದು ಕಷ್ಟ. ಅದು ಬೇಟೆಯ ಸ್ಮಾರಕ. ಬೇಟೆಯನ್ನು ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸುವ ಜಿನಧರ್ಮಕ್ಕೆ ಗಂಗರು ಆಶ್ರಯವಿತ್ತವರು ಎಂಬುದನ್ನು ನೆನೆದರೆ ಈ ಕಲ್ಲಿನ ಮುಂದೆ ತುಸು ಹೊತ್ತು ನಿಲ್ಲಲೇಬೇಕಾಗುತ್ತದೆ. ಶಾಸನದ ಶಾಪವಾಕ್ಯವೂ ವಿಚಿತ್ರವಾದುದು: ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಆ ನಾಯಿ ಮಾಡಿದ ಪಾಪ ತಟ್ಟುವುದಂತೆ. ಪೂಜೆಗೊಂಡ ನಾಯಿಗೂ ಪಾಪದ ಹೊರೆಯುಂಟೆಂಬುದನ್ನು ಅದನ್ನು ಪೂಜೆಗಿಟ್ಟವರೇ ಬರೆಸಿದ್ದಾರೆ. ಆ ಹೊರೆಯಲ್ಲಿ ನಾಯಿಯನ್ನು ಹಂದಿಯ ಮೇಲೆ ಬಿಟ್ಟವರ ಪಾಲೆಷ್ಟು ಎಂಬ ಪ್ರಶ್ನೆ ಮಾತ್ರ ಅಲ್ಲಿ ಏಳುವುದಿಲ್ಲ.

ಯಾರೂ ಬೇಡದ ನಾಯಿಯ ಕಥೆಯನ್ನು ಹುಡುಕುವವರು ಶಾಸನಗಳನ್ನು ಬಿಟ್ಟು ಜೀವಂಧರನ ಚರಿತ್ರೆಗೆ ಬರಬೇಕು. ಸಂಸ್ಕೃತದಲ್ಲಿ ಗುಣಭದ್ರರ ಉತ್ತರಪುರಾಣವೂ ವಾದೀಭಸಿಂಹರ ಕ್ಷತ್ರಚೂಡಾಮಣಿ, ಗದ್ಯಚಿಂತಾಮಣಿಗಳೂ ಹೇಳುವ ಈ ಕಥೆಯನ್ನು 1424ರಲ್ಲಿ ಭಾಸ್ಕರನು ಭಾಮಿನೀ ಷಟ್ಪದಿಯಲ್ಲಿ ಕನ್ನಡಕ್ಕೆ ತಂದನು. ವಾದೀಭಸಿಂಹರು ಹೇಳುವ ಪ್ರಸಂಗವಿದು: ವಸಂತದ ಜಲಕ್ರೀಡೆಗೆ ಜನ ನೆರೆದಿದ್ದಾಗ ಹವಿಸ್ಸನ್ನು ಮುಟ್ಟಿತೆಂದು ನಾಯಿಯೊಂದನ್ನು ಬಡಿದು ಕೆಡಹುತ್ತಾರೆ. ಜೀವಂಧರನು ಓಡಿ ಬಂದು ಅದನ್ನು ಉಳಿಸಲು ಯತ್ನಿಸುತ್ತಾನೆ. ಉಳಿಯದೆಂದು ಕಂಡಾಗ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗುತ್ತದೆ. ಮುಂದೆ ಕಾಷ್ಠಾಂಗಾರನು ಜೀವಂಧರನನ್ನು ಕೊಲ್ಲಿಸಲು ಹೊರಟಾಗ ಯಕ್ಷನು ಬಂದು ಅವನನ್ನು ಎತ್ತಿಕೊಂಡು ಹೋಗಿ ಕಾಪಾಡುತ್ತಾನೆ.

ಉಪಕಾರಕ್ಕೆ ಪ್ರತ್ಯುಪಕಾರವೆಂದು ಈ ಕಥೆಯನ್ನು ಮುಗಿಸಿಬಿಡುವುದು ರೂಢಿ. ಅದಕ್ಕಿಂತ ಮಿಗಿಲಾದುದು ಜೀವಂಧರನ ಹುಟ್ಟಿನ ವೃತ್ತಾಂತ. ಅವನ ತಂದೆ ಸತ್ಯಂಧರನು ಮಂತ್ರಿಯ ದ್ರೋಹಕ್ಕೆ ಬಲಿಯಾದಾಗ ತಾಯಿ ವಿಜಯೆಯು ಶ್ಮಶಾನದಲ್ಲಿ ಅವನನ್ನು ಹೆತ್ತಳು. ತನ್ನ ಸತ್ತ ಕೂಸನ್ನು ಒಪ್ಪಿಸಲು ಅಲ್ಲಿಗೆ ಬಂದ ಗಂಧೋತ್ಕಟನೆಂಬ ವೈಶ್ಯನು ಈ ಮಗುವನ್ನು ಎತ್ತಿಕೊಂಡು ಮನೆಗೆ ಒಯ್ದು ಸಾಕಿದನು. ನೆರೆದ ಜನರೆಲ್ಲ ನೋಡುತ್ತಿರಲು ನಾಯಿಯ ಬಳಿಗೆ ಓಡಿದವನು ತಾನೇ ಇನ್ನೊಬ್ಬರು ಎತ್ತಿ ಸಾಕಿದ ಮಗು. ಎರಡು ಪ್ರಸಂಗಗಳನ್ನು ಜೊತೆಗಿಟ್ಟು ಓದಿದಾಗ ಕಥೆಯ ಕಟ್ಟಡ ಬೇರೆಯಾಗಿಯೇ ಕಾಣುತ್ತದೆ.

ಜನ್ನನ ಯಶೋಧರ ಚರಿತೆ (1209) ಇದೇ ವಿಷಯವನ್ನು ಕಹಿಯಾಗಿ ತಿರುಗಿಸುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಪಾಪಕ್ಕೆ ಯಶೋಧರನು ನವಿಲಾಗಿಯೂ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟಿ ತಮ್ಮದೇ ಅರಮನೆಗೆ ಕಾಣಿಕೆಯಾಗಿ ಬರುತ್ತಾರೆ. ನಾಯಿ ನವಿಲನ್ನು ಕೊಲ್ಲುತ್ತದೆ, ಅರಸ ಯಶೋಮತಿ ನಾಯಿಯನ್ನು ಕೊಲ್ಲುತ್ತಾನೆ. ತಾನು ಹೊಡೆದದ್ದು ಅಜ್ಜಿಯನ್ನು ಎಂದು ಅವನಿಗೆ ತಿಳಿಯದು.

ಇಷ್ಟಿದ್ದೂ ಜೈನ ಗೃಹಸ್ಥನು ನಾಯಿ ಸಾಕಬಹುದೇ ಎಂಬ ಪ್ರಶ್ನೆಗೆ ಆಚಾರಗ್ರಂಥಗಳ ಉತ್ತರ ಸರಳವಾಗಿಲ್ಲ. ಮಾಂಸ ತಿನ್ನುವ ಪ್ರಾಣಿಗಳನ್ನು ಸಾಕುವುದನ್ನು ಅವು ಅನುಮಾನದಿಂದ ನೋಡುತ್ತವೆ. 12ನೆಯ ಶತಮಾನದ ಹೇಮಚಂದ್ರರ ಯೋಗಶಾಸ್ತ್ರವು ‘ಅಸತೀಪೋಷಣ’ವೆಂಬ ದೋಷದಲ್ಲಿ ಗಿಳಿ, ಬೆಕ್ಕು, ಕೋಳಿ, ನವಿಲುಗಳ ಜೊತೆಗೆ ನಾಯಿಯನ್ನೂ ಹೇಳುತ್ತದೆ. ಆದರೆ ಅಲ್ಲಿರುವ ವಿಶೇಷಣವನ್ನು ಬಿಟ್ಟು ಓದಬಾರದು: ದೋಷವಿರುವುದು ಹಣಕ್ಕಾಗಿ ಸಾಕುವುದರಲ್ಲಿ. ಮರಿ ಹಾಕಿಸಿ ಮಾರುವ ಇಂದಿನ ತಳಿವ್ಯಾಪಾರಕ್ಕೆ ಈ ಮಾತು ನೇರವಾಗಿ ತಾಗುತ್ತದೆ. ಆಶ್ರಯಧಾಮದ ನಾಯಿಯನ್ನು ಮನೆಗೆ ತರುವವನಿಗೆ ತಾಗುವುದಿಲ್ಲ. ಅವನು ಮರಿಯನ್ನು ಕೊಳ್ಳದಿರುವುದರಿಂದ ಇನ್ನೊಂದು ಸೂಲಿಗೆ ಬೇಡಿಕೆ ಹುಟ್ಟುವುದಿಲ್ಲ, ಅವನು ತೆರವು ಮಾಡಿದ ಎಡೆಗೆ ಇನ್ನೊಂದು ನಾಯಿ ಬರುತ್ತದೆ.

ಲೌಕಿಕ ಪ್ರಯೋಜನಗಳೂ ಕಡಿಮೆಯಲ್ಲ. ಬೆಳೆದ ನಾಯಿಯಾದರೆ ಅದರ ಗಾತ್ರ, ಸ್ವಭಾವ, ಮಕ್ಕಳೊಡನೆ ಅದರ ನಡತೆ ತರುವ ಮೊದಲೇ ತಿಳಿದಿರುತ್ತದೆ. ಮರಿಯ ಮಟ್ಟಿಗೆ ಇದೆಲ್ಲ ಊಹೆ. ಸಂತಾನಹರಣ ಚಿಕಿತ್ಸೆಯೂ ಮೊದಲ ರೇಬೀಸ್ ಲಸಿಕೆಯೂ ಸಾಮಾನ್ಯವಾಗಿ ಆಶ್ರಯಧಾಮದಲ್ಲೇ ಆಗಿರುತ್ತವೆ. ಲಸಿಕೆಯನ್ನು ಮುಂದೆ ವರ್ಷವರ್ಷವೂ ಹಾಕಿಸುವುದು ಸಾಕುವವನ ಹೊಣೆ. ನೆಟ್ಟಣದಂತಹ ಘಟ್ಟದ ಬುಡದ ಊರಿನ ಮಳೆ, ಸೆಕೆಗಳಿಗೆ ದಟ್ಟ ತುಪ್ಪಳದ ವಿದೇಶಿ ತಳಿಗಿಂತ ಗಿಡ್ಡ ಕೂದಲಿನ ಊರುನಾಯಿ ಒಗ್ಗುತ್ತದೆ. ಅಡಿಕೆ ತೋಟದ ಒಂಟಿ ಮನೆಗೆ ಅದರ ಬೊಗಳು ಎಷ್ಟು ಬೇಕಾದದ್ದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಹೇಳಬೇಕಾದದ್ದು ಸರಪಳಿಯ ಬಗ್ಗೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಎಣಿಸುತ್ತದೆ. ಹೊಡೆಯುವುದಕ್ಕೂ ಉಪವಾಸ ಕೆಡಹುವುದಕ್ಕೂ ಮೊದಲು ನಿಂತಿರುವುದು ಕಟ್ಟಿಹಾಕುವುದು. ನಿಲ್ದಾಣದಲ್ಲಿ ಮನಬಂದಂತೆ ಅಲೆಯುತ್ತಿದ್ದ ನಾಯಿಯನ್ನು ತಂದು ಮೂರು ಮೊಳ ಸರಪಳಿಯಲ್ಲಿ ಬದುಕಿಡೀ ನಿಲ್ಲಿಸಿದರೆ ಆಶ್ರಯಧಾಮದ ಬೋನು ಮನೆಯ ಅಂಗಳಕ್ಕೆ ಸ್ಥಳಾಂತರಗೊಂಡಂತಾಯಿತು. ಹೊಸತರಲ್ಲಿ ಓಡಿಹೋಗದಂತೆ ಕಟ್ಟುವುದು ಬೇರೆ ಮಾತು. ಕಾಡಂಚಿನ ಮನೆಗಳಲ್ಲಂತೂ ರಾತ್ರಿ ಅಂಗಳದ ಕಂಬಕ್ಕೆ ಕಟ್ಟಿದ ನಾಯಿಯು ಚಿರತೆ ಬಂದಾಗ ಓಡಲೂ ಆಗದೆ ಸಾಯುತ್ತದೆ; ಕತ್ತಲಾಗುವ ಮುನ್ನ ಅದನ್ನು ಒಳಗೆ ಕರೆದುಕೊಳ್ಳಬೇಕು, ಇಲ್ಲವೆ ಭದ್ರವಾದ ಗೂಡಿಗೆ ಸೇರಿಸಿ ಬಾಗಿಲು ಹಾಕಬೇಕು.