17 ಮುಖಪುಟಗಳು, ಒಂದು ನರಮೇಧ

ಯುದ್ಧದ ಕಲೆ ಅಂದರೆ ಪಿಕಾಸೋನ ‘ಗೆರ್ನಿಕಾ’ದ ಹಾಗೆ ಛಿದ್ರಗೊಂಡ ದೇಹಗಳು ಕಣ್ಣಿಗೆ ರಾಚಬೇಕು ಅಂತ ನಾವಂದುಕೊಂಡಿರುತ್ತೇವೆ. ಚಿಲಿ ಮೂಲದ ಕಲಾವಿದ ಆಲ್ಫ್ರೆಡೋ ಜಾರ್ ರುವಾಂಡಾ ನರಮೇಧದ ಬಗ್ಗೆ ಮಾಡಿದ ಕೃತಿಯೊಂದರಲ್ಲಿ ಅವರೇ ತೆಗೆದ ಒಂದು ಚಿತ್ರವೂ ಇಲ್ಲ. ಇರುವುದು ಅಮೆರಿಕದ ‘ನ್ಯೂಸ್‌ವೀಕ್’ ವಾರಪತ್ರಿಕೆಯ 17 ಮುಖಪುಟಗಳು, ಪ್ರತಿಯೊಂದರ ಜೊತೆ ಕೆಲವು ಸಾಲು ಬರಹ.

1994ರ ಏಪ್ರಿಲ್ 6ರಂದು ರುವಾಂಡಾ ಅಧ್ಯಕ್ಷ ಹಬ್ಯಾರಿಮಾನ ಅವರಿದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಮುಂದಿನ ಸುಮಾರು 100 ದಿನಗಳಲ್ಲಿ, ವಿಶ್ವಸಂಸ್ಥೆಯ ಅಂದಾಜಿನಂತೆ, 8 ಲಕ್ಷ ಜನರ ಹತ್ಯೆಯಾಯಿತು. ಸತ್ತವರಲ್ಲಿ ಬಹುಪಾಲು ಟುಟ್ಸಿಗಳು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಅಲ್ಲಿನ ಶಾಂತಿಪಾಲನಾ ಪಡೆಯನ್ನು ಹೆಚ್ಚಿಸುವ ಬದಲು 270 ಮಂದಿಗೆ ಇಳಿಸಲು ನಿರ್ಧರಿಸಿತು.

ಆ ವಾರಗಳಲ್ಲಿ ಮುಖಪುಟಕ್ಕೆ ಬಂದವರು ಯಾರು? ಏಪ್ರಿಲ್‌ನಲ್ಲಿ ಗಾಯಕ ಕರ್ಟ್ ಕೋಬೇನ್, ಜೂನ್‌ನಲ್ಲಿ ಓ.ಜೆ. ಸಿಂಪ್ಸನ್. ರುವಾಂಡಾಕ್ಕೆ ಸರದಿ ಬಂದಿದ್ದು ಆಗಸ್ಟ್ 1ರ ಸಂಚಿಕೆಯಲ್ಲಿ. ಅಷ್ಟರಲ್ಲಿ ನರಮೇಧವೇ ಮುಗಿದಿತ್ತು. ಗಡಿಯಾಚೆ ಗೋಮಾದ ನಿರಾಶ್ರಿತ ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು. ಒಳಪುಟಗಳಲ್ಲಿ ಏನಿತ್ತು ಅನ್ನುವುದು ಬೇರೆ ಮಾತು. ಈ ವಾರ ಯಾವುದು ಮುಖ್ಯ ಅಂತ ಓದುಗರಿಗೆ ಹೇಳುವುದು ಮುಖಪುಟವೇ.

ಜಾರ್ 1994ರ ಆಗಸ್ಟ್‌ನಲ್ಲಿ ರುವಾಂಡಾಕ್ಕೆ ಹೋಗಿ ಸಾವಿರಾರು ಫೋಟೋ ತೆಗೆದರು. ಆದರೆ 1995ರ ‘ರಿಯಲ್ ಪಿಕ್ಚರ್ಸ್’ ಪ್ರದರ್ಶನದಲ್ಲಿ ಅವನ್ನು ಕಪ್ಪು ಪೆಟ್ಟಿಗೆಗಳಲ್ಲಿ ಮುಚ್ಚಿಟ್ಟು, ಒಳಗಿನ ಚಿತ್ರ ಯಾವುದು ಅನ್ನುವುದನ್ನು ಮುಚ್ಚಳದ ಮೇಲೆ ಬರೆಸಿದರು. ಪೆಟ್ಟಿಗೆಗಳ ರಾಶಿ ಸಮಾಧಿಗಳಂತೆ ಕಾಣುತ್ತಿತ್ತು.

ಇದಕ್ಕೆ ಆಕ್ಷೇಪ ಇಲ್ಲದಿಲ್ಲ. ಜಗತ್ತು ಕಾಣದೆ ಬಿಟ್ಟವರನ್ನು ಕಲಾವಿದನೂ ಮುಚ್ಚಿಟ್ಟರೆ ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾನು ಜಾರ್ ಪಕ್ಷ. ಅವತ್ತು ಕೊರತೆಯಿದ್ದದ್ದು ಚಿತ್ರಗಳಿಗಲ್ಲ, ಅವಕ್ಕೆ ಜಾಗ ಕೊಡುವ ಮನಸ್ಸಿಗೆ. ಮುಚ್ಚಿದ ಪೆಟ್ಟಿಗೆ ನಮ್ಮನ್ನು ನಿಲ್ಲಿಸಿ ಓದಿಸುತ್ತದೆ. ಬೆರಳಲ್ಲಿ ಸರಿಸಿ ಮುಂದೆ ಹೋಗಲು ಬಿಡುವುದಿಲ್ಲ.

ಜಾರ್ ವಿಧಾನಕ್ಕೆ ಗ್ಯಾಲರಿಯೇ ಬೇಕಿಲ್ಲ. ಸುಡಾನ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ನೀವು ಓದುವ ಪತ್ರಿಕೆಯ ಅಂದಿನಿಂದೀಚಿನ ಮುಖಪುಟಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಆ ದಿನ ಅಲ್ಲಿ ನಡೆದದ್ದನ್ನು ಬರೆದು ನೋಡಿ. ಸುಡಾನ್ ಎಷ್ಟು ಸಲ ಸಿಗುತ್ತದೆ ಅಂತ ಎಣಿಸಿ.